ಪೇಟೆಯ ನಡುವೆ ರಂಗಮಂದಿರ: ನಕ್ಷೆಯಲ್ಲಿ ಮೊದಲು ಏನನ್ನು ನೋಡಬೇಕು?

ಪ್ರಶ್ನೆ
(ಹವ್ಯಾಸಿ ನಾಟಕ ತಂಡದ ಕಾರ್ಯದರ್ಶಿ, ಶಿವಮೊಗ್ಗ)

ಮಾನ್ಯರೆ,

ಶಿವಮೊಗ್ಗ ಪೇಟೆಯ ನಡುವೆ ಸುಮಾರು 30 ಗುಂಟೆ ಜಾಗದಲ್ಲಿ ಪ್ರದರ್ಶನ ಕಲೆಗಳಿಗೆಂದೇ ಒಂದು ಕಟ್ಟಡವನ್ನು ಕಟ್ಟಬೇಕೆಂದು ಇಲ್ಲಿನ ಕೆಲವು ಕಲಾಸಕ್ತರು ಮುಂದಾಗಿದ್ದಾರೆ. ಕೆಲಸ ಇನ್ನೂ ಕಾಗದದ ಮೇಲಿದೆ. ಪ್ರಾಥಮಿಕ ನಕ್ಷೆಯ ಒಂದು ಪ್ರತಿಯನ್ನು ನಮ್ಮ ತಂಡಕ್ಕೂ ಕೊಟ್ಟು, ಬಳಸುವವರ ದೃಷ್ಟಿಯಿಂದ ಅಭಿಪ್ರಾಯವನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ನಮ್ಮಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು, ಅಡಿಕೆ ಮಂಡಿಯವರು ಇದ್ದಾರೆಯೇ ಹೊರತು ನಕ್ಷೆ ಓದಬಲ್ಲವರು ಯಾರೂ ಇಲ್ಲದಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ನಕ್ಷೆಯಲ್ಲಿ ಇರುವುದು ಇಷ್ಟು. 1,000 ಆಸನಗಳ ಒಂದೇ ಸಭಾಂಗಣ, ಅವುಗಳಲ್ಲಿ 300 ಬಾಲ್ಕನಿಯಲ್ಲಿ; ಗೋಡೆಯಿಂದ ಗೋಡೆಗೆ 40 ಅಡಿ ಅಗಲ, 25 ಅಡಿ ಆಳದ ವೇದಿಕೆ, ಅದರ ಮುಂಭಾಗದ ನಡುವೆ ಮೆಟ್ಟಿಲು; ವೇದಿಕೆಯ ಹಿಂದೆ ಎರಡು ಗ್ರೀನ್ ರೂಮ್; ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ; ಕಬ್ಬಿಣದ ತೊಲೆಗಳ ಮೇಲೆ ಶೀಟಿನ ಛಾವಣಿ; ಗೋಡೆಗಳಿಗೆಲ್ಲ ಕಾರ್ಪೆಟ್ಟು; ರಸ್ತೆಯ ಕಡೆಗೆ ಎತ್ತರದ ಕಂಬಗಳ ಸಾಲು. ನಾಟಕ, ಯಕ್ಷಗಾನ, ಸಂಗೀತ, ನೃತ್ಯ, ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಮಾರಂಭ ಎಲ್ಲಕ್ಕೂ ಒದಗಬೇಕೆಂಬುದು ಅವರ ಆಶಯ.

ನಮ್ಮ ಆತಂಕಗಳಲ್ಲಿ ಮೊದಲನೆಯದು ಮಳೆ. ಕಳೆದ ಆಷಾಢದಲ್ಲಿ ಶೀಟಿನ ಛಾವಣಿಯ ಒಂದು ಸಭಾಂಗಣದಲ್ಲಿ ನಾಟಕವಾಡುತ್ತಿದ್ದಾಗ ಮಳೆ ಹೊಯ್ದು, ನಟರು ಗಂಟಲು ಹರಿಯುವಂತೆ ಕೂಗಿದರೂ ಐದನೆಯ ಸಾಲಿನವರಿಗೆ ಮಾತು ಮುಟ್ಟದೆ, ದೃಶ್ಯವನ್ನು ಅರ್ಧಕ್ಕೆ ನಿಲ್ಲಿಸಿ ಮಳೆ ಇಳಿಯುವುದನ್ನು ಕಾಯಬೇಕಾಯಿತು. ಎರಡನೆಯದು, ಸಾವಿರ ಆಸನ ನಮಗೆ ಬೇಕೇ ಎಂಬುದು. ಮೂರನೆಯದಾಗಿ, ಸಭಾಂಗಣವನ್ನು ಬಿಟ್ಟು ಇಂಥ ಕಟ್ಟಡದಲ್ಲಿ ಇನ್ನೇನಿರಬೇಕು ಎಂಬುದನ್ನೂ ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ
(ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ)

ನಮ್ಮಲ್ಲಿ ಆಸನಗಳ ಸಂಖ್ಯೆಯನ್ನು ಮೊದಲು ನಿಶ್ಚಯಿಸಿ, ಉಳಿದುದನ್ನು ಅದಕ್ಕೆ ಹೊಂದಿಸುವುದು ರೂಢಿ. ರಂಗಮಂದಿರದ ಮಟ್ಟಿಗೆ ಈ ಕ್ರಮ ತಲೆಕೆಳಗಾಗಬೇಕು. ಮೈಕ್ ಇಲ್ಲದೆ ಆಡಿದ ಮಾತು ಎಲ್ಲಿಯವರೆಗೆ ಮುಟ್ಟಬೇಕು, ನಟನ ಕಣ್ಣು ಹುಬ್ಬುಗಳ ಚಲನೆ ಎಲ್ಲಿಯವರೆಗೆ ಕಾಣಬೇಕು ಎಂಬುದನ್ನು ತೀರ್ಮಾನಿಸಿದರೆ ಆಸನಗಳ ಸಂಖ್ಯೆ ತಾನಾಗಿ ಹೊರಬೀಳುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್ (ಸದ್ದನ್ನು ಅಳೆಯುವ ಮಾನ) ಇಳಿಯುತ್ತದೆ. ಕೋಣೆಯೊಳಗೆ ಗೋಡೆ ಮತ್ತು ಛಾವಣಿಗಳ ಪ್ರತಿಫಲನ ಸ್ವಲ್ಪ ನೆರವಾಗುತ್ತದೆ. ಮುಖಭಾವ ಓದಲು 20 ಮೀಟರ್ ಗರಿಷ್ಠ ಮಿತಿಯೆಂದು ರಂಗಮಂದಿರ ವಿನ್ಯಾಸಕಾರರು ಸಾಮಾನ್ಯವಾಗಿ ಹಿಡಿಯುತ್ತಾರೆ. ಸಾಲಿಗೆ 24 ಆಸನಗಳಂತೆ 17 ಸಾಲುಗಳನ್ನು, ಸಾಲಿನಿಂದ ಸಾಲಿಗೆ 95 ಸೆಂಟಿಮೀಟರ್ ಬಿಟ್ಟು ಹಾಕಿದರೂ ಕೊನೆಯ ಸಾಲು ವೇದಿಕೆಯಿಂದ ಸುಮಾರು 18 ಮೀಟರಿಗೆ ನಿಲ್ಲುತ್ತದೆ. ಆಸನಗಳು 400ರ ಆಸುಪಾಸು ಆದವು. ಸಾವಿರ ಜನರನ್ನು ಕೂರಿಸಲು ಹೊರಟರೆ ಮೈಕ್ ಅನಿವಾರ್ಯವಾಗುತ್ತದೆ. ಅಲ್ಲಿಗೆ ಅದು ಭಾಷಣದ ಸಭಾಂಗಣವಾಯಿತು.

ಅನುರಣನದ ಲೆಕ್ಕವನ್ನು ನಕ್ಷೆ ಮಾಡಿದವರ ಮುಂದೆ ನೀವೇ ಇಡಬಹುದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಧ್ವನಿಯ ಮೂಲ ನಿಂತ ಮೇಲೆ ಕೋಣೆಯೊಳಗಿನ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವೇ ಅನುರಣನ ಕಾಲ. ಹಾರ್ವರ್ಡಿನ ಭೌತಶಾಸ್ತ್ರ ಅಧ್ಯಾಪಕ ವ್ಯಾಲೇಸ್ ಸಬೀನ್ 1890ರ ದಶಕದಲ್ಲಿ, ಮಾತು ಗಜಿಬಿಜಿಯಾಗುತ್ತಿದ್ದ ಒಂದು ಉಪನ್ಯಾಸ ಕೊಠಡಿಗೆ ರಾತ್ರಿ ಹೊತ್ತಿನಲ್ಲಿ ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತರಿಸಿ, ಒಂದೊಂದೇ ಸೇರಿಸುತ್ತ ಅಳೆದು ಇದರ ಸೂತ್ರವನ್ನು ಕಂಡುಕೊಂಡರು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಸೂತ್ರದ ಮೇಲೆ ನಿಂತ ಮೊದಲ ದೊಡ್ಡ ಕಟ್ಟಡ. ಘನಮೀಟರುಗಳಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಳಗಿನ ಮೇಲ್ಮೈಗಳೂ ಜನರೂ ಸೇರಿ ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಿದರೆ ಸೆಕೆಂಡುಗಳಲ್ಲಿ ಉತ್ತರ ಸಿಗುತ್ತದೆ.

400 ಜನರಿಗೆ ತಲೆಗೆ 5 ಘನಮೀಟರಿನಂತೆ 2,000 ಘನಮೀಟರಿನ ಕೋಣೆಯನ್ನು ಹಿಡಿಯಿರಿ. ಮಾತಿಗೆ ಬೇಕಾದದ್ದು ಸುಮಾರು 1 ಸೆಕೆಂಡು. ಅದಕ್ಕೆ 322 ಚದರ ಮೀಟರಿನಷ್ಟು ಹೀರಿಕೆ, ಎಂದರೆ ಬಿದ್ದ ಸದ್ದನ್ನೆಲ್ಲ ಹೀರುವ ಅಷ್ಟು ಮೇಲ್ಮೈಗೆ ಸಮನಾದದ್ದು, ಬೇಕು. ಕುಳಿತ ಒಬ್ಬ ಪ್ರೇಕ್ಷಕ ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆಂದರೆ ತುಂಬಿದ ಸಭೆ 200 ಕೊಡುತ್ತದೆ. ಉಳಿದ 120ನ್ನು ಪರದೆ, ಛಾವಣಿ, ಗೋಡೆಗಳು ಕೊಡಬೇಕು. ಈಗ ಪ್ಲಾಸ್ಟಿಕ್ ಕುರ್ಚಿ ಹಾಕಿ, ಜನ ಅರ್ಧದಷ್ಟೇ ಬಂದರೆಂದುಕೊಳ್ಳಿ. ಹೀರಿಕೆ 220ಕ್ಕೆ ಇಳಿದು, ಅನುರಣನ ಒಂದೂವರೆ ಸೆಕೆಂಡಿನ ಹತ್ತಿರಕ್ಕೆ ಏರುತ್ತದೆ. ಖಾಲಿ ಕೋಣೆಯಲ್ಲಿ ತಾಲೀಮು ಮಾಡುವಾಗಲಂತೂ ಎರಡೂವರೆ ಸೆಕೆಂಡನ್ನು ಮೀರುತ್ತದೆ. ಮೆತ್ತೆಯ ಕುರ್ಚಿಯಾದರೆ ಜನರಿಲ್ಲದಾಗಲೂ ಅದು ಹೆಚ್ಚುಕಡಿಮೆ ಒಬ್ಬ ಮನುಷ್ಯನಷ್ಟು ಹೀರುವುದರಿಂದ ಜನ ಎಷ್ಟೇ ಬಂದರೂ ಕೋಣೆಯ ಧ್ವನಿಗುಣ ಹೆಚ್ಚು ಬದಲಾಗುವುದಿಲ್ಲ. ಕುರ್ಚಿಯ ಆಯ್ಕೆಯನ್ನು ಕೊನೆಯಲ್ಲಿ ಉಳಿದ ಹಣಕ್ಕೆ ಬಿಡಬಾರದೆಂದು ಹೇಳುವುದು ಈ ಕಾರಣಕ್ಕೆ.

ಗೋಡೆಗೆಲ್ಲ ಕಾರ್ಪೆಟ್ಟು ಬಡಿಯುವುದನ್ನು ನಾನು ವಿರೋಧಿಸುತ್ತೇನೆ. ತೆಳುವಾದ ಕಾರ್ಪೆಟ್ಟು ಎತ್ತರದ ಸ್ಥಾಯಿಯ ಸದ್ದುಗಳನ್ನಷ್ಟೇ ಹೀರಿ ತಗ್ಗಿನವನ್ನು ಹಾಗೆಯೇ ಬಿಡುತ್ತದೆ. ನಮ್ಮ ಮಾತಿನ ಸ್ಪಷ್ಟತೆಯೆಲ್ಲ ಇರುವುದು ಚ, ತ, ಸ, ಶ ಮೊದಲಾದ ವ್ಯಂಜನಗಳಲ್ಲಿ, ಎಂದರೆ ಆ ಎತ್ತರದ ಸ್ಥಾಯಿಯಲ್ಲಿ. ಫಲಿತಾಂಶವಾಗಿ ಮಾತು ಮಂಕಾಗಿ, ಮೃದಂಗದ ಎಡದ ಮುಖ ಮಾತ್ರ ಗುಂಯ್ಗುಡುತ್ತದೆ. ಮೇಲಾಗಿ ನಮ್ಮ ಮಳೆಗಾಲದ ಥಂಡಿಗೆ ಆ ಕಾರ್ಪೆಟ್ಟು ಬೂಸಲು ಹಿಡಿದು ಎರಡನೆಯ ವರ್ಷದಿಂದಲೇ ಮುಗ್ಗಲು ವಾಸನೆ ಬೀರತೊಡಗುತ್ತದೆ. ಹಿಂದಿನ ಗೋಡೆಗೆ ರಂಧ್ರವಿರುವ ಮರದ ಹಲಗೆ ಅಥವಾ ಮರದ ನಾರು ಮತ್ತು ಸಿಮೆಂಟು ಸೇರಿಸಿ ಮಾಡಿದ ಹಲಗೆಗಳನ್ನು, ಗೋಡೆಯಿಂದ ಸ್ವಲ್ಪ ಅಂತರ ಬಿಟ್ಟು ಕೂರಿಸುವುದು ಮೇಲು. ಪಕ್ಕದ ಗೋಡೆಗಳ ಮುಂಭಾಗವನ್ನೂ ವೇದಿಕೆಗೆ ಹತ್ತಿರದ ಛಾವಣಿಯನ್ನೂ ಗಟ್ಟಿಯಾಗಿಯೇ ಬಿಡಬೇಕು. ಮಾತನ್ನು ಹಿಂದಿನ ಸಾಲಿಗೆ ತಳ್ಳುವುದು ಅವೇ.

ಛಾವಣಿಯ ವಿಷಯದಲ್ಲಿ ರಾಜಿ ಬೇಡ. ಶಿವಮೊಗ್ಗ ಪೇಟೆಯಲ್ಲಿ ಆಗುಂಬೆಯ ಮಳೆಯಿಲ್ಲ ನಿಜ. ಆಗುಂಬೆಯದು ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಆದರೆ ನಾಟಕವನ್ನು ಕೆಡಿಸಲು ಅಷ್ಟು ಮಳೆ ಬೇಕಾಗಿಯೂ ಇಲ್ಲ, ಕಾಲು ಗಂಟೆಯ ಒಂದು ಜಡಿ ಸಾಕು. ತೆಳು ಶೀಟಿನ ಮೇಲೆ ಬಿದ್ದ ಹನಿ ಶೀಟನ್ನೇ ಡೋಲಿನ ಚರ್ಮದಂತೆ ನಡುಗಿಸುತ್ತದೆ. ತೂಕವಾದ ಕಾಂಕ್ರೀಟು ಹಲಗೆಯ ಮೇಲೆ, ಗಾಳಿಯಾಡುವ ಅಂತರ ಬಿಟ್ಟು, ಮಂಗಳೂರು ಹೆಂಚು ಅಥವಾ ಶೀಟನ್ನು ಇಳಿಜಾರಾಗಿ ಹೊದಿಸಿದರೆ ಸದ್ದೂ ತಡೆಯುತ್ತದೆ, ಬೇಸಿಗೆಯ ಕಾವೂ ಇಳಿಯುತ್ತದೆ. ಖರ್ಚು ಹೆಚ್ಚಾಗುತ್ತದೆ, ತೊಲೆಗಳೂ ದಪ್ಪವಾಗಬೇಕು. ಆಸನಗಳನ್ನು ಸಾವಿರದಿಂದ ನಾನೂರಕ್ಕೆ ಇಳಿಸಿದಾಗ ಉಳಿಯುವ ಹಣ ಹೋಗಬೇಕಾದದ್ದು ಇಲ್ಲಿಗೆ.

ಆಸನ ಹೆಚ್ಚಿಸುವ ಆಸೆ ನಮ್ಮೊಬ್ಬರದೇ ಅಲ್ಲ. ನ್ಯೂಯಾರ್ಕ್ ನಗರದ ನಡುವೆ ಇರುವ ಲಿಂಕನ್ ಸೆಂಟರಿನಲ್ಲಿ 1962ರಲ್ಲಿ ತೆರೆದ ಸಂಗೀತ ಭವನಕ್ಕೆ ಧ್ವನಿತಜ್ಞರು ಸೂಚಿಸಿದ್ದಕ್ಕಿಂತ ಹೆಚ್ಚು ಆಸನಗಳನ್ನು ತುರುಕಲಾಯಿತು. ಧ್ವನಿ ಕೆಟ್ಟಿತೆಂದು 1976ರಲ್ಲಿ ಒಳಭಾಗವನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದರು. ಮತ್ತೆ ಅದನ್ನೂ ಕೆಡವಿ, 2022ರಲ್ಲಿ ತೆರೆದಾಗ ಸುಮಾರು 500 ಆಸನಗಳನ್ನು ಕಡಿಮೆ ಮಾಡಿ 2,200ಕ್ಕೆ ನಿಲ್ಲಿಸಿದರು. ಅರವತ್ತು ವರ್ಷ ಹಿಡಿಯಿತು. ಅವರಿಗೆ ಕೆಡವಿ ಕಟ್ಟುವಷ್ಟು ಹಣವಿತ್ತು.

ಉತ್ತರ
(ರಂಗತಂತ್ರಜ್ಞ, ಸಾಗರ)

ಹಿರಿಯರು ಧ್ವನಿಯ ಬಗ್ಗೆ ಬರೆದ ಮೇಲೆ ನಾನು ಅದನ್ನು ಮುಟ್ಟುವುದಿಲ್ಲ. ರಂಗಮಂದಿರದ ನಕ್ಷೆ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಲಾರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ನೀವು ವಿವರಿಸಿದ ನಕ್ಷೆಯಲ್ಲಿ ಅದರ ಪ್ರಸ್ತಾಪವೇ ಇಲ್ಲ. ನೂರಾರು ಕಾರುಗಳಿಗೆ ನೆಲಮಾಳಿಗೆ ಯೋಚಿಸಿದವರು ರಂಗಸಜ್ಜಿಕೆ ಹೊತ್ತು ಬರುವ ಒಂದು ಲಾರಿಗೆ ಜಾಗ ಯೋಚಿಸಿಲ್ಲ ಎಂದರೆ, ಅವರ ಮನಸ್ಸಿನಲ್ಲಿ ಇರುವುದು ಹಾರ ತುರಾಯಿಗಳ ಸಮಾರಂಭವೇ.

ಲಾರಿ ಹಿಮ್ಮುಖವಾಗಿ ಬಂದು ನಿಲ್ಲುವ ಜಾಗಕ್ಕೆ ಮೇಲೆ ಮಾಡು ಇರಬೇಕು. ಮಳೆಯಲ್ಲಿ ಬಟ್ಟೆಯ ಪರದೆ, ಪ್ಲೈವುಡ್ಡಿನ ಸಜ್ಜಿಕೆ, ವಿದ್ಯುತ್ ಪೆಟ್ಟಿಗೆಗಳನ್ನು ತಲೆಯ ಮೇಲೆ ಟಾರ್ಪಾಲು ಹಿಡಿದುಕೊಂಡು ಇಳಿಸಿದವರಿಗೆ ಇದು ಏಕೆಂದು ವಿವರಿಸಬೇಕಾಗಿಲ್ಲ. ಇಳಿಸುವ ಕಟ್ಟೆ ಲಾರಿಯ ಹಲಗೆಯ ಎತ್ತರಕ್ಕೆ ಸಮನಾಗಿದ್ದು, ಅಲ್ಲಿಂದ ಮೆಟ್ಟಿಲಿಲ್ಲದೆ ನೇರವಾಗಿ ವೇದಿಕೆಯ ಪಕ್ಕಕ್ಕೆ ಹೋಗುವಂತಿರಬೇಕು. ಬಾಗಿಲು ಕನಿಷ್ಠ 8 ಅಡಿ ಅಗಲ, 10 ಅಡಿ ಎತ್ತರ ಇರಲಿ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ ತಂಡ 1985ರಿಂದ ಇಡೀ ನಾಟಕವನ್ನು ವಾಹನಕ್ಕೆ ತುಂಬಿಕೊಂಡು ಕರ್ನಾಟಕದ ಊರೂರು ಸುತ್ತುತ್ತಿದೆ. ಆ ತಂಡದಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಊರಿನ ಹೆಸರು ಹೇಳಿದರೆ ಅವರಿಗೆ ಮೊದಲು ನೆನಪಾಗುವುದು ಅಲ್ಲಿನ ಹಿಂಬಾಗಿಲು.

ವೇದಿಕೆಯ 40 ಅಡಿ ಗೋಡೆಯಿಂದ ಗೋಡೆಗೆ ಎಂದಿದ್ದೀರಿ. ಪ್ರೇಕ್ಷಕರಿಗೆ ಕಾಣುವ ತೆರವನ್ನು 30 ಅಡಿ ಇಟ್ಟರೆ ಎರಡೂ ಪಕ್ಕಗಳಲ್ಲಿ ಉಳಿಯುವುದು ಐದೈದು ಅಡಿ. ಅಲ್ಲಿ ಪಕ್ಕದ ಪರದೆಗಳು, ದೀಪದ ಸ್ಟ್ಯಾಂಡುಗಳು, ಪ್ರವೇಶಕ್ಕೆ ಕಾದು ನಿಂತ ನಟರು, ಪರಿಕರಗಳ ಮೇಜು ಇಷ್ಟೂ ಹೇಗೆ ಹಿಡಿಸಬೇಕು? ತೆರವು 30 ಅಡಿಯಾದರೆ ಪ್ರತಿ ಪಕ್ಕಕ್ಕೂ ಅದರ ಅರ್ಧದಷ್ಟು, ಎಂದರೆ 15 ಅಡಿ, ಬಿಡಬೇಕು. ವೇದಿಕೆಯ ಒಟ್ಟು ಅಗಲ 60 ಅಡಿಯಾಗುತ್ತದೆ. ಆಳ 35 ಅಡಿಗೆ ಕಡಿಮೆಯಿರಬಾರದು. ಹಿಂದಿನ ಪರದೆಯ ಆಚೆ, ಪ್ರೇಕ್ಷಕರಿಗೆ ಕಾಣದಂತೆ ಎಡದಿಂದ ಬಲಕ್ಕೆ ದಾಟಲು ದಾರಿ ಇರಲೇಬೇಕು. ಅದಿಲ್ಲದ ಕಡೆ ರಾಜನು ಎಡಕ್ಕೆ ನಿರ್ಗಮಿಸಿ, ಕಟ್ಟಡದ ಹೊರಗೆ ಕೊಡೆ ಹಿಡಿದು ಓಡಿ ಬಲದಿಂದ ಪ್ರವೇಶಿಸುವುದನ್ನು ನಾವೆಲ್ಲ ಕಂಡವರೇ.

ಮುಂಭಾಗದ ನಡುವಿನ ಮೆಟ್ಟಿಲನ್ನು ಮೊದಲು ತೆಗೆಸಿ. ಬೇಕಾದಾಗ ತಂದಿಡುವ ಮರದ ಮೆಟ್ಟಿಲು ಮಾಡಿಸಿಕೊಂಡರೆ ಸನ್ಮಾನಿತರಿಗೂ ತೊಂದರೆಯಿಲ್ಲ. ವೇದಿಕೆಗೆ ಗ್ರಾನೈಟ್ ಅಥವಾ ಹೊಳಪಿನ ಟೈಲ್ಸ್ ಹಾಕುವ ಮಾತು ಬಂದರೆ ಒಪ್ಪಬೇಡಿ. ಭರತನಾಟ್ಯದ ಅಡವುಗಳನ್ನೂ ಯಕ್ಷಗಾನದ ಮಂಡಿ ಕುಣಿತವನ್ನೂ ಕಲ್ಲಿನ ಮೇಲೆ ಕುಣಿಸುವುದು ಕಲಾವಿದರ ಕೀಲುಗಳಿಗೆ ಮಾಡುವ ಹಿಂಸೆ. ಜತೆಗೆ ದೀಪದ ಬೆಳಕು ಅದರಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ಒಂದು ಮೊಳೆ ಹೊಡೆಯಲೂ ಆಗುವುದಿಲ್ಲ. ಮರದ ಪಟ್ಟಿಗಳ ಮೇಲೆ ಪ್ಲೈವುಡ್ ಹಾಸಿ, ಕಪ್ಪು ಮಾಸಲು ಬಣ್ಣ ಬಳಿದ, ತುಸು ಪುಟಿಯುವ ನೆಲವೇ ಸರಿ. ನಮ್ಮ ಸೀಮೆಯಲ್ಲಿ ಒರಲೆಯ ಕಾಟ ಇರುವುದರಿಂದ ಹಲಗೆಯ ಅಡಿಗೆ ಗಾಳಿಯಾಡುವಂತೆಯೂ ವರ್ಷಕ್ಕೊಮ್ಮೆ ಬಗ್ಗಿ ನೋಡಲು ಒಂದು ಮುಚ್ಚಳ ಇರುವಂತೆಯೂ ಮಾಡಿಸಿ.

ಪರದೆ ಮೇಲಕ್ಕೆ ಪೂರ್ತಿ ಮರೆಯಾಗುವ ಗೋಪುರಕ್ಕೆ ತೆರವಿನ ಎತ್ತರದ ಎರಡೂವರೆ ಪಟ್ಟು ಎತ್ತರ ಬೇಕು. ನಮ್ಮ ಗಾತ್ರದ ಕಟ್ಟಡಕ್ಕೆ ಅದು ದುಬಾರಿ, ಬಿಡಬಹುದು. ವೇದಿಕೆಯ ಮೇಲೆ ನಾಲ್ಕೈದು ಕಡೆ, ಪ್ರೇಕ್ಷಕರ ತಲೆಯ ಮೇಲೆ ಎರಡು ಕಡೆ ದೀಪ ಕಟ್ಟುವ ಪೈಪುಗಳು ಸಾಕು. ಆದರೆ ಅವುಗಳನ್ನು ಕೆಳಗೆ ಇಳಿಸುವ ರಾಟೆ ಇರಬೇಕು, ಇಲ್ಲವೇ ಮೇಲೆ ನಡೆದು ಹೋಗುವ ಕಟಕಟೆ ಇರಬೇಕು. ಏಣಿ ಹತ್ತಿ ದೀಪ ತಿರುಗಿಸುವ ಪದ್ಧತಿಯಿಂದ ಬಿದ್ದವರನ್ನು ಕಂಡಿದ್ದೇನೆ. ಬೆಳಕು ಮತ್ತು ಧ್ವನಿಯ ನಿಯಂತ್ರಣ ಕೊಠಡಿ ಪ್ರೇಕ್ಷಕರ ಹಿಂಭಾಗದಲ್ಲಿ, ವೇದಿಕೆ ಪೂರ್ತಿ ಕಾಣುವಂತೆ ಇರಲಿ. ಪಕ್ಕದ ಮೂಲೆಯಲ್ಲಿ ಸ್ವಿಚ್ ಬೋರ್ಡಿನ ಎದುರು ನಿಂತವನಿಗೆ ತಾನು ಹಾಕಿದ ಬೆಳಕು ಹೇಗೆ ಕಾಣುತ್ತಿದೆ ಎಂಬುದು ತಿಳಿಯುವುದಿಲ್ಲ.

ಇನ್ನೊಂದು ಕೋಣೆಯನ್ನು ಬೇಡಿಕೆಯ ಮೇಲ್ತುದಿಯಲ್ಲಿ ಇಡಿ: ವೇದಿಕೆಯಷ್ಟೇ ಅಗಲ ಆಳಗಳ ತಾಲೀಮು ಕೋಣೆ. ಗೋಡೆ ಕಪ್ಪು, ನೆಲ ಮರ, ಮೇಲೆ ಪೈಪುಗಳ ಜಾಲ. ಬೆಂಚು ಹಾಕಿದರೆ ನೂರು ಜನ ಕೂರುವ ಪುಟ್ಟ ರಂಗಮಂದಿರವೂ ಅದೇ ಆಗುತ್ತದೆ. ನನ್ನ ಮಟ್ಟಿಗೆ ದೊಡ್ಡ ಸಭಾಂಗಣಕ್ಕಿಂತ ಇದೇ ಹೆಚ್ಚು ಮುಖ್ಯ.

ಉತ್ತರ
(ಬಡಗುತಿಟ್ಟಿನ ಮದ್ದಳೆಗಾರ, ಹೊಸನಗರ ತಾಲೂಕು)

ಯಕ್ಷಗಾನಕ್ಕೂ ಒದಗಬೇಕೆಂದು ಬರೆದಿದ್ದೀರಿ, ಸಂತೋಷ. ಹಾಗೆಂದು ಹೇಳಿ ಕಟ್ಟಿದ ಕಟ್ಟಡಗಳಲ್ಲಿ ಚೌಕಿಗೆ ಜಾಗ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಕನ್ನಡಿ, ಬಲ್ಬು, ಕುರ್ಚಿಗಳಿರುವ ಗ್ರೀನ್ ರೂಮಿನಲ್ಲಿ ಮೇಳ ಕೂರಲಾರದು. ಚೌಕಿಯೆಂದರೆ ಉದ್ದನೆಯ ಒಂದು ಜಾಗ. ಒಂದು ತುದಿಯಲ್ಲಿ ಗಣಪತಿ. ಅಲ್ಲಿಂದ ಎರಡೂ ಬದಿಗೆ ಕಲಾವಿದರು ತಮ್ಮ ತಮ್ಮ ಸ್ಥಾನದ ಪ್ರಕಾರ ನೆಲದ ಮೇಲೆ ಸಾಲಾಗಿ ಕುಳಿತು, ಮುಂದೆ ಪೆಟ್ಟಿಗೆ ತೆರೆದಿಟ್ಟು, ಕೈಗನ್ನಡಿ ಹಿಡಿದು ಬಣ್ಣ ಹಾಕಿಕೊಳ್ಳುತ್ತಾರೆ. ನಡುವೆ ವೇಷ ಕಟ್ಟುವವರು ಓಡಾಡಬೇಕು. ಒಬ್ಬರಿಗೆ ಕಟ್ಟಲು ಒಬ್ಬಿಬ್ಬರು ಎದುರು ನಿಂತು ಹಗ್ಗ ಜಗ್ಗಬೇಕು. ಆದ್ದರಿಂದ ಎರಡು ಕೋಣೆಗಳ ನಡುವಿನ ಗೋಡೆಯನ್ನು ಸರಿಸಿ ಒಂದೇ ಉದ್ದನೆಯ ಕೋಣೆ ಮಾಡಲು ಬರುವಂತಿರಲಿ. ನೆಲ ಬೆಚ್ಚಗಿರಲಿ, ಗೋಡೆಯುದ್ದಕ್ಕೂ ನೆಲದಿಂದ ಒಂದಡಿ ಎತ್ತರದಲ್ಲಿ ವಿದ್ಯುತ್ ಪಾಯಿಂಟುಗಳಿರಲಿ, ಬಣ್ಣ ತೊಳೆಯಲು ಬಿಸಿನೀರು ಇರಲಿ. ಚೌಕಿಯಿಂದ ರಂಗಸ್ಥಳಕ್ಕೆ ಹೋಗುವ ಬಾಗಿಲುಗಳೆಲ್ಲ 8 ಅಡಿಗೆ ಕಡಿಮೆ ಇರಬಾರದು. ದೊಡ್ಡ ಕಿರೀಟದ ಬಣ್ಣದ ವೇಷ ಆರ್ಭಟಿಸುತ್ತ ಬರಬೇಕಾದದ್ದು ತಲೆ ಬಗ್ಗಿಸಿ ಬಂದರೆ ನೋಡುವವರಿಗೆ ಮೊದಲು ಬರುವುದು ನಗೆ.

ನಮ್ಮ ರಂಗಸ್ಥಳ ಹದಿನೈದು ಇಪ್ಪತ್ತು ಅಡಿಯ ಚೌಕ. ಮೂರು ಕಡೆ ಜನ, ಹಿಂದೆ ಭಾಗವತರು ಮತ್ತು ಮದ್ದಳೆ, ಪಕ್ಕದಲ್ಲಿ ಚಂಡೆ. 30 ಅಡಿ ತೆರವಿನ ಪೆಟ್ಟಿಗೆಯಂಥ ವೇದಿಕೆಯಲ್ಲಿ ನಮ್ಮ ಕುಣಿತ ಹಿಂದಕ್ಕೆ ಸರಿದುಹೋಗಿ ಚಿತ್ರಪಟದಂತೆ ಕಾಣುತ್ತದೆ. ಆಟ ನಡೆದದ್ದು ಗದ್ದೆಯಲ್ಲಿ, ದೇವಸ್ಥಾನದ ಎದುರಿನ ಬಯಲಿನಲ್ಲಿ, ಮನೆಗಳ ಅಂಗಳದಲ್ಲಿ. ಅಲ್ಲಿ ಚಂಡೆಯ ಪೆಟ್ಟು ಆಕಾಶಕ್ಕೆ ಹೋಗುತ್ತಿತ್ತು; ಮುಚ್ಚಿದ ಸಭಾಂಗಣದಲ್ಲಿ ಗೋಡೆಗೆ ಬಡಿದು ಭಾಗವತರ ಪದವನ್ನೇ ನುಂಗುತ್ತದೆ, ಆಗ ಅವರಿಗೆ ಮೈಕ್, ಮೈಕ್ ಬಂತೆಂದು ಚಂಡೆಗೂ ಮೈಕ್! ವೇದಿಕೆಯ ಮುಂಭಾಗವನ್ನು ಪ್ರೇಕ್ಷಕರ ಕಡೆಗೆ ಹತ್ತು ಹನ್ನೆರಡು ಅಡಿ ಚಾಚಲು ಬಿಡಿ ಹಲಗೆಗಳ ಏರ್ಪಾಡು ಮಾಡಿ, ಹಿಮ್ಮೇಳದ ಹಿಂದೆ ದಪ್ಪ ಪರದೆ ಕಟ್ಟಿದರೆ ಅರ್ಧ ತೊಂದರೆ ಕಳೆಯುತ್ತದೆ.

ಉತ್ತರ
(ಸಭಾಭವನವೊಂದರ ವ್ಯವಸ್ಥಾಪಕ, ಭದ್ರಾವತಿ)

ಎಲ್ಲರೂ ಆಸನ ಕಡಿಮೆ ಮಾಡಿ ಎಂದೇ ಬರೆದಿದ್ದೀರಿ. ಕಟ್ಟಡ ನಡೆಸುವವರ ಕಷ್ಟವನ್ನೂ ಒಬ್ಬರು ಹೇಳಬೇಕಲ್ಲವೇ? ಹವಾನಿಯಂತ್ರಣದ ವಿದ್ಯುತ್ ಬಿಲ್ಲು, ಜನರೇಟರ್, ಕಾವಲುಗಾರ, ಶುಚಿ ಮಾಡುವವರ ಸಂಬಳ, ತೆರಿಗೆ ಇವು ಆಸನಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹವ್ಯಾಸಿ ನಾಟಕ ತಂಡಗಳು ಕೊಡುವ ಬಾಡಿಗೆ ಎಷ್ಟೆಂಬುದು ಪ್ರಶ್ನೆ ಕೇಳಿದವರಿಗೇ ಗೊತ್ತು. ವಾರ್ಷಿಕೋತ್ಸವ, ಸಮ್ಮೇಳನ, ಕಂಪನಿಗಳ ಸಭೆಗಳೇ ಇಂಥ ಕಟ್ಟಡಗಳನ್ನು ಸಾಕುವುದು. ಅವರು ಕೇಳುವ ಮೊದಲ ಪ್ರಶ್ನೆ ಎಷ್ಟು ಜನ ಕೂರಬಹುದು ಎಂಬುದು. ನಾಟಕಕ್ಕೆಂದು ಕಟ್ಟಿ, ಸಾಕಲಾರದೆ ಕೊನೆಗೆ ಮದುವೆಗೆ ಕೊಟ್ಟ ಉದಾಹರಣೆಗಳಿವೆ. ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ
(ವಾಸ್ತುಶಿಲ್ಪಿ, ಮೂಲತಃ ಕೊಪ್ಪದವರು)

ಭದ್ರಾವತಿಯ ಮಾನ್ಯರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ದೊಡ್ಡ ಸಭಾಂಗಣವಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಸಮಾರಂಭಗಳಿಗೆ ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವೂ ಸೇರಿದಂತೆ ಜಾಗಗಳಿವೆ. ಇನ್ನೂ ಒಂದು ಸಾವಿರ ಆಸನದ ಭವನ ಅವುಗಳೊಂದಿಗೆ ಅದೇ ಗ್ರಾಹಕರಿಗಾಗಿ ಪೈಪೋಟಿಗೆ ಇಳಿಯುತ್ತದೆ. ಊರಿನಲ್ಲಿ ಇಲ್ಲದಿರುವುದು ಚಿಕ್ಕ, ಅಗ್ಗದ, ಪ್ರತಿದಿನ ಬಳಸಬಹುದಾದ ಜಾಗ. ಒಂದೇ ಸಭಾಂಗಣವಿದ್ದರೆ, ಶನಿವಾರದ ಪ್ರದರ್ಶನಕ್ಕೆ ಗುರುವಾರದಿಂದ ಸಜ್ಜಿಕೆ ಕಟ್ಟುವ ತಂಡ ಮೂರು ದಿನ ಹಿಡಿಯುತ್ತದೆ ಅಥವಾ, ನಮ್ಮಲ್ಲಿ ಆಗುವಂತೆ, ಬಾಡಿಗೆಗೆ ಹೆದರಿ ಸಂಜೆ ನಾಲ್ಕಕ್ಕೆ ಬಂದು ಏಳಕ್ಕೆ ಆಡುತ್ತದೆ. ಎರಡು ಜಾಗಗಳಿದ್ದರೆ ಒಂದರಲ್ಲಿ ಸಿದ್ಧತೆ ನಡೆಯುವಾಗ ಇನ್ನೊಂದರಲ್ಲಿ ಮಕ್ಕಳ ಶಿಬಿರ, ನೃತ್ಯ ತರಗತಿ, ಉಪನ್ಯಾಸ ನಡೆಯಬಹುದು, ಬಾಡಿಗೆಯೂ ಬರುತ್ತದೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಮಾದರಿಗಳಿವೆ. ಮೈಸೂರಿನ ಕಲಾಮಂದಿರದ ಆವರಣದಲ್ಲಿ ದೊಡ್ಡ ಸಭಾಂಗಣದ ಜೊತೆಗೆ ಕಿರುರಂಗಮಂದಿರವಿದೆ, ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ನಾಟಕ ಸಂಸ್ಥೆ ರಂಗಾಯಣದ ಭೂಮಿಗೀತ ರಂಗಮಂದಿರ ಮತ್ತು ಬಯಲಿನ ವನರಂಗ ಅಲ್ಲಿಯೇ ಇವೆ. ಮೈಸೂರಿನ ನಾಟಕ ಜೀವನ ಹೆಚ್ಚಾಗಿ ಉಸಿರಾಡುವುದು ಆ ಚಿಕ್ಕ ಜಾಗಗಳಲ್ಲಿ. ಬೆಂಗಳೂರಿನಲ್ಲಿ 1963ರ ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರವಿದೆ. 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಆಸನಗಳು ಮುನ್ನೂರರ ಆಸುಪಾಸು ಮಾತ್ರ, ವೇದಿಕೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ. ಅಲ್ಲಿನ ಕೆಫೆಯಲ್ಲಿ ನಾಟಕ ನೋಡದವರೂ ಕೂರುತ್ತಾರೆ. ತಡವಾಗಿ ಬಂದವರನ್ನು ಮಾತ್ರ ಒಳಗೆ ಬಿಡುವುದಿಲ್ಲ. ಇನ್ನು ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ ಶಿವರಾಮ ಕಾರಂತ ರಂಗಮಂದಿರವನ್ನು ನಡೆಸುತ್ತಿರುವಾಗ, ಜಿಲ್ಲಾ ಕೇಂದ್ರದ ಪೇಟೆಯ ನಡುವೆ ಜನ ಸಿಗುವುದಿಲ್ಲವೆಂಬ ಭಯಕ್ಕೆ ಆಧಾರವಿಲ್ಲ.

ಎಲ್ಲಕ್ಕೂ ಒಂದೇ ಎಂಬ ಆಸೆ ಎಂಥೆಂಥವರನ್ನೋ ಕಷ್ಟಕ್ಕೆ ಸಿಲುಕಿಸಿದೆ. ಸಿಡ್ನಿಯ ಪ್ರಸಿದ್ಧ ಆಪೆರಾ ಹೌಸಿನ ದೊಡ್ಡ ಸಭಾಂಗಣ ಆಪೆರಾ ಮತ್ತು ಸಂಗೀತ ಕಛೇರಿ ಎರಡಕ್ಕೂ ಒದಗಬೇಕೆಂದು ಯೋಜಿತವಾಗಿತ್ತು. ವಾಸ್ತುಶಿಲ್ಪಿ ಯಾರ್ನ್ ಉಟ್ಸನ್ 1966ರಲ್ಲಿ ಹೊರನಡೆದ ಮೇಲೆ ಅದನ್ನು ಕಛೇರಿಗೆ ಮಾತ್ರ ಮೀಸಲಿಟ್ಟು, ಆಗಲೇ ಜೋಡಿಸಿದ್ದ ವೇದಿಕೆಯ ಯಂತ್ರಗಳನ್ನು ಕಿತ್ತುಹಾಕಿದರು. 1973ರಲ್ಲಿ ಕಟ್ಟಡ ತೆರೆದಾಗ, ಯಾವುದರ ಹೆಸರು ಕಟ್ಟಡಕ್ಕೆ ಇದೆಯೋ ಆ ಆಪೆರಾ ಚಿಕ್ಕ ಸಭಾಂಗಣದ ಇಕ್ಕಟ್ಟಿಗೆ ಹೋಗಿತ್ತು. ನಿಮ್ಮ ನಕ್ಷೆಯ ಪಟ್ಟಿಯಲ್ಲಿ ಮೊದಲು ಬರುವ ನಾಟಕವೂ ಹಾಗೆ ಮೂಲೆಗೆ ಹೋಗಬಾರದು.

ಈಗ ಜಾಗದ ಹಂಚಿಕೆ. 30 ಗುಂಟೆಯೆಂದರೆ ಸುಮಾರು 3,000 ಚದರ ಮೀಟರ್. ಸುತ್ತ ಬಿಡಬೇಕಾದ ತೆರವು, ಅಗ್ನಿಶಾಮಕ ವಾಹನದ ದಾರಿ ಕಳೆದರೆ ಅರ್ಧದಷ್ಟು ಉಳಿದೀತು. ಸಭಾಂಗಣವನ್ನು ನಿವೇಶನದ ಹಿಂಭಾಗಕ್ಕೆ ಸರಿಸಿ, ರಸ್ತೆಗೂ ಅದಕ್ಕೂ ನಡುವೆ ಪಡಸಾಲೆ, ಟಿಕೆಟ್ ಕಟ್ಟೆ, ಕೆಫೆ, ಶೌಚಾಲಯ, ಮೆಟ್ಟಿಲುಗಳನ್ನು ಇಡಿ. ಪೇಟೆಯ ಹಾರ್ನುಗಳನ್ನೂ ಹಬ್ಬದ ದಿನಗಳ ಧ್ವನಿವರ್ಧಕಗಳನ್ನೂ ಈ ಸಾಲು ಅರ್ಧ ತಡೆಯುತ್ತದೆ. ಉಳಿದರ್ಧವನ್ನು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಜೋಡಿ ಬಾಗಿಲುಗಳ ನಡುವಿನ ಪುಟ್ಟ ಕತ್ತಲ ಕೋಣೆ ತಡೆಯುತ್ತದೆ. ಜನರೇಟರ್ ಮತ್ತು ಹವಾನಿಯಂತ್ರಣ ಯಂತ್ರಗಳು ಸಭಾಂಗಣದ ಗೋಡೆಗೆ ತಾಗಬಾರದು. ಗಾಳಿಯ ಕೊಳವೆಗಳು ಅಗಲವಾಗಿದ್ದು ಗಾಳಿ ನಿಧಾನವಾಗಿ ಹರಿಯಬೇಕು. ಕಿರಿದಾದ ಕೊಳವೆಯಲ್ಲಿ ರಭಸದಿಂದ ನುಗ್ಗಿದರೆ ಭೋರೆಂಬ ಸದ್ದು ನಾಟಕದ ಮೌನಗಳನ್ನೆಲ್ಲ ತುಂಬುತ್ತದೆ.

ರಸ್ತೆಯ ಕಡೆಯ ಎತ್ತರದ ಕಂಬಗಳ ಬದಲು, ಕಾಲುದಾರಿಗೆ ಸಮನಾಗಿ ತೆರೆದ, ಆಳವಾದ ಮಾಡಿನ ಜಗಲಿ ಬೇಕೆಂದು ಕೇಳಿ. ಮಳೆಗಾಲದಲ್ಲಿ 400 ಜನ ಒಮ್ಮೆಗೇ ಹೊರಬಂದು ಕೊಡೆ ಬಿಚ್ಚಿ, ಚಪ್ಪಲಿ ಸರಿಪಡಿಸಿಕೊಂಡು, ಆಟೋ ಕಾಯುವುದಕ್ಕೆ ಜಾಗ ಬೇಕು. ಒದ್ದೆ ಕೊಡೆಗಳನ್ನು ಇಡಲು ಬಾಗಿಲ ಬಳಿ ನೀರು ಇಳಿದುಹೋಗುವ ಗೂಡುಗಳೂ ಬೇಕು. ಸಭಾಂಗಣ ಮತ್ತು ತಾಲೀಮು ಕೋಣೆಗಳ ನಡುವೆ ಒಂದು ಅಂಗಳ ಬಿಟ್ಟರೆ ಕಾರ್ತಿಕದಿಂದ ಚೈತ್ರದವರೆಗೆ ಅದೇ ಬಯಲು ರಂಗ. ಚಂಡೆಗೆ ಆಕಾಶ ಬೇಕೆಂದ ಹೊಸನಗರದ ಮಾನ್ಯರಿಗೂ ಅಲ್ಲಿ ಜಾಗವಿದೆ.

ನೆಲಮಾಳಿಗೆಯನ್ನು ಕೈಬಿಡಿ. ಇಳಿಜಾರು ದಾರಿಯೇ ನಿವೇಶನದ ದೊಡ್ಡ ಭಾಗವನ್ನು ತಿನ್ನುತ್ತದೆ, ಮಳೆಗಾಲವಿಡೀ ನೀರೆತ್ತುವ ಪಂಪು ಓಡುತ್ತಿರಬೇಕು. ಬಸ್ ನಿಲ್ದಾಣದಿಂದ ನಡೆದು ಬರಬಹುದಾದ ಜಾಗದಲ್ಲಿ, ಅಂಗವಿಕಲರ ಮತ್ತು ಹಿರಿಯರ ವಾಹನಗಳಿಗೆ ನೆಲಮಟ್ಟದಲ್ಲಿ ಹತ್ತು ಹನ್ನೆರಡು ಸ್ಥಳ ಬಿಟ್ಟರೆ ಸಾಕು. ಗಾಲಿಕುರ್ಚಿಯ ದಾರಿ ಪ್ರೇಕ್ಷಕರ ಸಾಲಿಗೆ ಮಾತ್ರವಲ್ಲ, ಬಣ್ಣದ ಕೋಣೆಗೂ ವೇದಿಕೆಗೂ ಹೋಗಬೇಕು. ಕಲಾವಿದರಲ್ಲಿಯೂ ಗಾಲಿಕುರ್ಚಿಯವರು ಇರುತ್ತಾರೆಂಬುದು ನಕ್ಷೆಗಳಲ್ಲಿ ಮರೆತೇ ಹೋಗಿರುತ್ತದೆ. ಹೆಂಗಸರ ಶೌಚಾಲಯಗಳ ಸಂಖ್ಯೆಯನ್ನು ಗಂಡಸರದಕ್ಕಿಂತ ಹೆಚ್ಚು ಇಡದಿದ್ದರೆ ಹತ್ತು ನಿಮಿಷದ ವಿರಾಮ ಅರ್ಧ ಗಂಟೆಗೆ ಬೆಳೆಯುತ್ತದೆ.

ಬಾಗಿಲುಗಳ ಬಗ್ಗೆ ಇನ್ನೊಂದು ಮಾತು. 1903ರಲ್ಲಿ ಶಿಕಾಗೊ ನಗರದ ಇರಾಕ್ವಾ ರಂಗಮಂದಿರದಲ್ಲಿ 600ಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಬೆಂಕಿಯಷ್ಟೇ ಬೀಗ ಹಾಕಿದ, ಸುಲಭವಾಗಿ ತೆರೆಯದ ಬಾಗಿಲುಗಳೂ ಕಾರಣ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗ ಬಾಲ್ಕನಿಯವರಿಗೆ ಹೊರಬರುವ ದಾರಿ ಸಿಗಲಿಲ್ಲ. ನಿರ್ಗಮನದ ಬಾಗಿಲುಗಳು ಹೊರಕ್ಕೆ ತೆರೆಯಬೇಕು, ಒಳಗಿನಿಂದ ತಳ್ಳಿದರೆ ಸಾಕಾಗಬೇಕು, ಅವುಗಳ ಎದುರು ಪೇರಿಸಿಟ್ಟ ಕುರ್ಚಿಗಳು ಇರಬಾರದು. ನಮ್ಮ ಸಭಾಂಗಣಗಳಲ್ಲಿ ಮೂರನೆಯದೇ ಹೆಚ್ಚು ಕಷ್ಟ.

ಪ್ರಶ್ನೆ ಕೇಳಿದವರಿಂದ

ಎಲ್ಲ ಮಾನ್ಯರಿಗೂ ನಮಸ್ಕಾರ. ತಮ್ಮ ಉತ್ತರಗಳನ್ನು ತಂಡದಲ್ಲಿ ಓದಿ ಚರ್ಚಿಸಿದೆವು. 400 ಆಸನ, ಹೆಂಚಿನಡಿಯ ಕಾಂಕ್ರೀಟು ಛಾವಣಿ, ವೇದಿಕೆಯಷ್ಟೇ ಅಳತೆಯ ತಾಲೀಮು ಕೋಣೆ, ಲಾರಿಯ ಕಟ್ಟೆ, ಉದ್ದನೆಯ ಚೌಕಿ, ನೆಲಮಾಳಿಗೆ ಬೇಡ ಇಷ್ಟನ್ನು ಒಮ್ಮತದಿಂದ ಬರೆದಿದ್ದೇವೆ. ಕಂಬಗಳ ವಿಷಯದಲ್ಲಿ ನಮ್ಮ ಖಜಾಂಚಿಯವರು ಇನ್ನೂ ಒಪ್ಪಿಲ್ಲ. ಕಂಬವಿಲ್ಲದಿದ್ದರೆ ದಾನಿಗಳಿಗೆ ಕಟ್ಟಡ ಕಾಣುವುದು ಹೇಗೆ ಎಂಬುದು ಅವರ ವಾದ. ಉಳಿದದ್ದು ಒಂದು ಪ್ರಶ್ನೆ. ವೇದಿಕೆಯ ಎತ್ತರ ಎಷ್ಟಿರಬೇಕು? ನಕ್ಷೆಯಲ್ಲಿ ನಾಲ್ಕೂವರೆ ಅಡಿ ಎಂದಿದೆ.

ಉತ್ತರ
(ರಂಗತಂತ್ರಜ್ಞ, ಸಾಗರ)

ನಾಲ್ಕೂವರೆ ಅಡಿಯಾದರೆ ಮುಂದಿನ ಮೂರು ಸಾಲಿನವರಿಗೆ ನಟರ ಪಾದಗಳು ಕಾಣುವುದಿಲ್ಲ. ನೃತ್ಯಕ್ಕೂ ಯಕ್ಷಗಾನಕ್ಕೂ ಅದು ದೊಡ್ಡ ನಷ್ಟ. ಕುಳಿತವರ ಕಣ್ಣು ನೆಲದಿಂದ ಸುಮಾರು ಮೂರು ಮುಕ್ಕಾಲು ಅಡಿ ಎತ್ತರದಲ್ಲಿ ಇರುತ್ತದೆ. ವೇದಿಕೆ ಅದಕ್ಕಿಂತ ತಗ್ಗಾಗಿ, ಮೂರಡಿಯೊಳಗೆ, ಸಾಧ್ಯವಾದರೆ ಎರಡೂವರೆ ಅಡಿ ಇರಲಿ. ಹಿಂದಿನವರಿಗೆ ಕಾಣಲು ಎತ್ತರಿಸಬೇಕಾದದ್ದು ಸಾಲುಗಳನ್ನು: ಪ್ರತಿ ಸಾಲಿನವರ ದೃಷ್ಟಿಯ ರೇಖೆ ಮುಂದಿನವರ ಕಣ್ಣಿಗಿಂತ ಸುಮಾರು 12 ಸೆಂಟಿಮೀಟರ್ ಮೇಲೆ ಹಾದುಹೋಗುವಂತೆ ಮೆಟ್ಟಿಲುಗಳನ್ನು ಲೆಕ್ಕ ಹಾಕಿಸಿ. ವೇದಿಕೆ ತಗ್ಗಿದಾಗ ಲಾರಿಯ ಕಟ್ಟೆಯಿಂದ ವೇದಿಕೆಗೆ ಒಂದೂವರೆ ಅಡಿಯಷ್ಟು ವ್ಯತ್ಯಾಸ ಉಳಿಯುತ್ತದೆ; ಲಾರಿ ನಿಲ್ಲುವ ನೆಲವನ್ನೇ ಅಷ್ಟು ತಗ್ಗಿಸಿ, ಅಲ್ಲಿ ಮಳೆನೀರು ನಿಲ್ಲದಂತೆ ಚರಂಡಿ ಕೊಡಿಸಿ. ಖಜಾಂಚಿಯವರಿಗೆ, ದಾನಿಗಳ ಹೆಸರುಗಳನ್ನು ಕುರ್ಚಿಗಳ ಬೆನ್ನಿನ ಮೇಲೆ ಬರೆಸಬಹುದು ಎಂದು ಹೇಳಿ ನೋಡಿ. ಕುರ್ಚಿಗಳು ನಾನೂರಿವೆ, ಕಂಬಗಳು ಎಂಟೋ ಹತ್ತೋ.